ಹೆಸರಿನ ಮೂಲ ಮತ್ತು ಅರ್ಥ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ ಹೆಸರು ಹುಡುಕುವವರು, ತಮ್ಮ ಹೆಸರಿನ ಹಿನ್ನೆಲೆಯನ್ನು ತಿಳಿಯಬಯಸುವವರು, ಕಥೆ ಬರೆಯುವಾಗ ಪಾತ್ರಕ್ಕೆ ಹೊಂದುವ ಹೆಸರಿಗಾಗಿ ತಡಕಾಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಬಹುತೇಕರು ಮೊದಲು ಕೇಳುವುದು “ಈ ಹೆಸರಿನ ಅರ್ಥವೇನು?” ಎಂದು. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು “ಇದು ಯಾವ ಭಾಷೆಯ ಹೆಸರು?” ಎಂಬುದನ್ನು. ಕೆಳಗಿನ ಉತ್ತರಗಳು ಒಂದಲ್ಲ ಒಂದು ಬಗೆಯಲ್ಲಿ ಆ ಪ್ರಶ್ನೆಗೇ ಮರಳುತ್ತವೆ.

ಹೆಸರಿಗೆ ‘ಅರ್ಥ’ವಿದೆ ಎಂದರೆ ಏನು?

ಕನ್ನಡ ವ್ಯಾಕರಣವು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ವಿಧ ಹೇಳುತ್ತದೆ. ನದಿ, ಮರ, ಹುಡುಗ ಇವು ರೂಢನಾಮಗಳು. ಗುಣವನ್ನೋ ವೃತ್ತಿಯನ್ನೋ ಅನುಸರಿಸಿ ಬಂದವು ಅನ್ವರ್ಥನಾಮಗಳು. ಒಬ್ಬ ವ್ಯಕ್ತಿಯನ್ನು ಗುರುತಿಸಲೆಂದು ಇಟ್ಟುಕೊಂಡದ್ದು ಅಂಕಿತನಾಮ. ಅಂಕಿತನಾಮದ ಕೆಲಸ ಗುರುತಿಸುವುದಷ್ಟೇ, ವರ್ಣಿಸುವುದಲ್ಲ. ಹೀಗಿದ್ದರೂ ಇಂದಿನ ಅಂಕಿತನಾಮಗಳಲ್ಲಿ ಬಹುಪಾಲು ಹಿಂದೊಮ್ಮೆ ಯಾವುದೋ ಭಾಷೆಯ ರೂಢನಾಮವೋ ಅನ್ವರ್ಥನಾಮವೋ ಆಗಿದ್ದಂಥವೇ. ಜಾರ್ಜ್ ಎಂಬ ಹೆಸರು ಗ್ರೀಕ್‌ನಲ್ಲಿ ‘ಭೂಮಿಯಲ್ಲಿ ದುಡಿಯುವವನು’, ಅಂದರೆ ರೈತ. ಆ ಹೆಸರಿನ ದೊರೆಗಳು ಎಷ್ಟೋ ಮಂದಿ ಆಗಿಹೋದರು, ನೇಗಿಲು ಹಿಡಿದವರು ಅವರಲ್ಲಿ ಯಾರೂ ಇರಲಾರರು.

ಆದ್ದರಿಂದ ‘ಅರ್ಥ’ ಎಂಬ ಒಂದೇ ಮಾತಿನಲ್ಲಿ ನಾವು ಮೂರು ಸಂಗತಿಗಳನ್ನು ಬೆರೆಸುತ್ತೇವೆ: ಪದದ ಮೂಲಾರ್ಥ, ಆ ಹೆಸರನ್ನು ಪ್ರಸಿದ್ಧಗೊಳಿಸಿದ ವ್ಯಕ್ತಿಯ ನೆನಪು, ಹೆಸರಿಟ್ಟವರ ಉದ್ದೇಶ. ಈ ಮೂರೂ ಒಂದಾಗಿರಬೇಕೆಂಬ ನಿಯಮವಿಲ್ಲ. 1918ರಲ್ಲಿ ಹುಟ್ಟಿದ ಮಂಡೇಲಾ ಅವರಿಗೆ ತಂದೆ ಇಟ್ಟ ಹೆಸರು ರೊಲಿಹ್ಲಾಹ್ಲಾ. ಖೋಸಾ ಭಾಷೆಯಲ್ಲಿ ಅದರ ಪದಶಃ ಅರ್ಥ ‘ಮರದ ಕೊಂಬೆ ಎಳೆಯುವವನು’, ಆಡುಮಾತಿನ ಅರ್ಥ ‘ತಂಟೆಕೋರ’. ನೆಲ್ಸನ್ ಎಂಬುದು ಶಾಲೆಯ ಮೊದಲ ದಿನ ಶಿಕ್ಷಕಿ ಇಟ್ಟದ್ದು. ಮೂಲದಲ್ಲಿ ಅದು ‘ನೀಲ್ ಎಂಬವನ ಮಗ’ ಎಂದಷ್ಟೇ ಹೇಳುವ ಕುಲನಾಮ. ಈಗ ನೆಲ್ಸನ್ ಎಂದೊಡನೆ ಯಾರಿಗೂ ನೀಲ್ ನೆನಪಾಗುವುದಿಲ್ಲ, ಮಂಡೇಲಾ ನೆನಪಾಗುತ್ತಾರೆ.

ಒಂದೇ ಹೆಸರಿಗೆ ಒಂದೊಂದು ಪಟ್ಟಿಯಲ್ಲಿ ಒಂದೊಂದು ಅರ್ಥ ಕೊಟ್ಟಿರುತ್ತಾರೆ. ಯಾವುದನ್ನು ನಂಬಬೇಕು?

ಇದಕ್ಕೆ ಕಾರಣಗಳು ಎರಡು, ಒಂದು ಪ್ರಾಮಾಣಿಕವಾದದ್ದು, ಇನ್ನೊಂದು ಅಷ್ಟಾಗಿ ಅಲ್ಲದ್ದು.

ಪ್ರಾಮಾಣಿಕ ಕಾರಣವೆಂದರೆ, ಸಂಬಂಧವೇ ಇಲ್ಲದ ಎರಡು ಭಾಷೆಗಳಲ್ಲಿ ಒಂದೇ ಬಗೆಯ ಉಚ್ಚಾರದ ಹೆಸರುಗಳು ಹುಟ್ಟಿಕೊಂಡಿರುತ್ತವೆ. ಇಟಾಲಿಯನ್ ಭಾಷೆಯ ಕಿಯಾರಾ ಲ್ಯಾಟಿನ್ನಿನ ‘ಸ್ವಚ್ಛ, ಪ್ರಕಾಶಮಾನ’ ಎಂಬರ್ಥದ ಪದದಿಂದ ಬಂದದ್ದು. ಐರಿಷ್ ಭಾಷೆಯ ಕೀರಾ ‘ಕಪ್ಪು’ ಎಂಬರ್ಥದ ಪದದಿಂದ ಬಂದದ್ದು, ಮತ್ತು ಅದನ್ನೂ ಕೆಲವರು ಕಿಯಾರಾ ಎಂದೇ ಬರೆಯುತ್ತಾರೆ. ಹಾಗಾಗಿ ಒಂದು ಪಟ್ಟಿಯಲ್ಲಿ ಬೆಳಕು, ಇನ್ನೊಂದರಲ್ಲಿ ಕತ್ತಲೆ. ಸಂಸ್ಕೃತದ ತಾರಾ ಎಂದರೆ ನಕ್ಷತ್ರ. ಐರ್ಲೆಂಡಿನ ತಾರಾ ಪ್ರಾಚೀನ ರಾಜರ ನೆನಪನ್ನು ಹೊತ್ತ ಒಂದು ಗುಡ್ಡದ ಹೆಸರು. ನೀಲ್ ಎಂಬುದು ಸಂಸ್ಕೃತದಿಂದ ಬಂದಿದ್ದರೆ ಕಡುನೀಲಿ ಬಣ್ಣ, ಐರಿಷ್‌ನಿಂದ ಬಂದಿದ್ದರೆ ನಿಯಾಲ್ ಎಂಬ ಹಳೆಯ ಹೆಸರಿನ ರೂಪ. ರಷ್ಯನ್ನರ ನಿಕಿತಾ ಗಂಡಸಿನ ಹೆಸರು. ಗ್ರೀಕ್‌ನ ‘ನಿಕೇತಸ್’, ಅಂದರೆ ಗೆದ್ದವನು, ಅದರ ಮೂಲ. ಅದೇ ಉಚ್ಚಾರವನ್ನು ಸಂಸ್ಕೃತದ ಕಿವಿಯಿಂದ ಕೇಳಿದವರಿಗೆ ಮನೆ ಎಂಬರ್ಥದ ‘ನಿಕೇತ’ ಹೊಳೆಯುತ್ತದೆ. ಇನ್ನೂ ಸೊಗಸಾದ ಕಾಕತಾಳೀಯವೊಂದಿದೆ: ಗ್ರೀಕ್‌ನಲ್ಲಿ ‘ಅನಿಕೇತೋಸ್’ ಎಂದರೆ ಅಜೇಯ, ಸಂಸ್ಕೃತದಲ್ಲಿ ‘ಅನಿಕೇತ’ ಎಂದರೆ ಮನೆಯಿಲ್ಲದವನು. ಎರಡೂ ಕಡೆ ‘ಅ’ಕಾರ ನಿಷೇಧಾರ್ಥದ್ದೇ, ಆದರೆ ಅದು ನಿಷೇಧಿಸುವ ವಸ್ತು ಬೇರೆ.

ಎರಡನೆಯ ಕಾರಣ, ಪಟ್ಟಿ ಮಾಡುವವರು ಕೇಳಲು ಹಿತವಾದ ಅರ್ಥವನ್ನು ತಾವೇ ಕೂರಿಸುವುದು. ಆರವ್ ಎಂಬ ಹೆಸರಿಗೆ ‘ಶಾಂತ’ ಎಂಬ ಅರ್ಥ ಎಷ್ಟೋ ಪಟ್ಟಿಗಳಲ್ಲಿ ಕಾಣುತ್ತದೆ. ರವ ಎಂದರೆ ಸದ್ದು ಎಂಬುದು ಕಲರವ ಎಂಬ ಪದ ಬಲ್ಲ ಯಾವ ಕನ್ನಡಿಗರಿಗೂ ಗೊತ್ತು, ಸದ್ದಿಲ್ಲದ್ದು ನೀರವ. ದೀರ್ಘ ‘ಆ’ಕಾರದ ‘ಆರವ’ಕ್ಕೆ ಸಂಸ್ಕೃತ ನಿಘಂಟುಗಳು ಕೊಡುವ ಅರ್ಥ ಕೂಗು, ಮೊರೆತ, ಗದ್ದಲ. ಹ್ರಸ್ವ ‘ಅ’ಕಾರದಿಂದ ‘ಅರವ’ ಎಂದಿಟ್ಟರೆ ಶಾಂತ ಎಂಬರ್ಥವನ್ನು ಸಮರ್ಥಿಸಬಹುದು, ದೀರ್ಘ ಮಾಡಿದರೆ ಆಗದು. ಮಗುವಿನ ಮೊದಲ ವರ್ಷದ ಮಟ್ಟಿಗೆ ನಿಘಂಟಿನ ಅರ್ಥವೇ ಹೆಚ್ಚು ಅನ್ವರ್ಥವೆನ್ನಿ. ಒಂದು ಪಟ್ಟಿಯ ತಪ್ಪು ಮತ್ತೊಂದಕ್ಕೆ ನಕಲಾಗುತ್ತ ಹೋಗುವುದರಿಂದ, ಹತ್ತು ಕಡೆ ಒಂದೇ ಅರ್ಥ ಕಂಡಿತೆಂಬುದು ಸಾಕ್ಷಿಯಾಗುವುದಿಲ್ಲ.

ಜಾನ್, ಇವಾನ್, ಯಾಹ್ಯಾ ಎಲ್ಲವೂ ಒಂದೇ ಹೆಸರು ಎನ್ನುತ್ತಾರೆ. ಇದು ಹೇಗೆ ಸಾಧ್ಯ?

ತತ್ಸಮ–ತದ್ಭವಗಳ ಪರಿಚಯವಿದ್ದವರಿಗೆ ಇದು ಕಷ್ಟವಲ್ಲ. ಕೃಷ್ಣ ಎಂಬುದು ಪ್ರಾಕೃತದಲ್ಲಿ ಕಣ್ಹ ಆಯಿತು, ಅಲ್ಲಿಂದ ಹಿಂದಿಯ ಕಾನ್ಹಾ ಮತ್ತು ತಮಿಳಿನ ಕಣ್ಣನ್ ಬಂದವು. ಕನ್ನಡದ ಬಾಯಲ್ಲಿ ಅದೇ ಹೆಸರು ಕಿಟ್ಟಿ, ಕಿಟ್ಟಣ್ಣ ಎಂದೂ ಆಗುತ್ತದೆ. ಹೀಬ್ರೂ ಭಾಷೆಯ ಯೋಹಾನನ್ ಎಂಬ ಹೆಸರಿನ ಕಥೆಯೂ ಹೀಗೆಯೇ. ‘ಯೆಹೋವನು ಕೃಪೆ ತೋರಿದ್ದಾನೆ’ ಎಂಬುದು ಅದರ ಅರ್ಥ. ಗ್ರೀಕ್ ಮತ್ತು ಲ್ಯಾಟಿನ್ ಮೂಲಕ ಹಾದು ಅದು ಜರ್ಮನ್ನಿನ ಯೋಹಾನ್ ಮತ್ತು ಹಾನ್ಸ್, ಇಟಾಲಿಯನ್ನಿನ ಜೊವಾನ್ನಿ, ಸ್ಪ್ಯಾನಿಷ್‌ನ ಹುವಾನ್, ಫ್ರೆಂಚ್‌ನ ಝಾನ್, ರಷ್ಯನ್‌ನ ಇವಾನ್, ಐರಿಷ್‌ನ ಶಾನ್, ಸ್ಕಾಟ್ಲೆಂಡಿನ ಇಯಾನ್, ಇಂಗ್ಲಿಷ್‌ನ ಜಾನ್ ಆಯಿತು. ಅರಬಿಯಲ್ಲಿ ಅದಕ್ಕೆ ಸಂವಾದಿಯಾದ ಯಾಹ್ಯಾ ಎಂಬ ರೂಪವನ್ನು ಆ ಭಾಷೆಯವರು ಕೇಳಿದರೆ ‘ಅವನು ಬದುಕುತ್ತಾನೆ’ ಎಂಬ ಬೇರೆಯದೇ ಅರ್ಥ ಕೇಳಿಸುತ್ತದೆ.

ಪ್ರಯಾಣದಲ್ಲಿ ಹೆಸರುಗಳು ತಪ್ಪಾದ ಜಾಗದಲ್ಲಿ ಮುರಿಯುವುದೂ ಉಂಟು, ಮತ್ತು ನನ್ನ ಮಟ್ಟಿಗೆ ಹೆಸರುಗಳ ಇತಿಹಾಸದಲ್ಲಿ ಇದಕ್ಕಿಂತ ರುಚಿಯಾದ ಭಾಗ ಇನ್ನೊಂದಿಲ್ಲ. ಗ್ರೀಕರ ಅಲೆಕ್ಸಾಂದ್ರೋಸ್ ಎಂದರೆ ‘ಜನರನ್ನು ಕಾಯುವವನು’. ಅರಬರು ಆ ಹೆಸರಿನ ಮೊದಲ ‘ಅಲ್’ ಅನ್ನು ತಮ್ಮ ಭಾಷೆಯ ‘ಅಲ್’ ಎಂಬ ಉಪಪದವೆಂದು (ಇಂಗ್ಲಿಷ್‌ನ ‘ದ’ ಎಂಬಂಥದ್ದು) ಭಾವಿಸಿದರು. ಉಳಿದದ್ದು ಇಸ್ಕಂದರ್, ಮುಂದೆ ಸಿಕಂದರ್. ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ಸಂತ ಯಾಕೋಬನು ‘ಸಾಂತ್ ಯಾಗೊ’ ಆಗಿ, ಎರಡು ಪದಗಳು ಕೂಡಿ ಸಾಂತಿಯಾಗೊ ಆದವು. ಅದನ್ನು ಮತ್ತೆ ಬಿಡಿಸುವಾಗ ಗಡಿ ತಪ್ಪಿ ‘ತಿಯಾಗೊ’ ಎಂಬ ಹೊಸ ಹೆಸರು ಹುಟ್ಟಿತು. ಇಂಗ್ಲಿಷ್‌ನ ಜೇಮ್ಸ್ ಕೂಡ ಇದೇ ಯಾಕೋಬನ ಇನ್ನೊಂದು ರೂಪ. ಜರ್ಮನಿಕ್ ಮೂಲದ ವಿಲ್‌ಹೆಲ್ಮ್ ಎಂಬುದು ‘ಸಂಕಲ್ಪ’ ಮತ್ತು ‘ಶಿರಸ್ತ್ರಾಣ’ ಎಂಬ ಎರಡು ಪದಗಳ ಜೋಡಿ. ಅದು ಇಂಗ್ಲಿಷ್‌ನಲ್ಲಿ ವಿಲಿಯಂ, ಐರಿಷ್‌ನಲ್ಲಿ ಉಲಿಯಂ ಆಗಿ, ಕೊನೆಗೆ ಬಾಲವಷ್ಟೇ ಉಳಿದು ಲಿಯಂ ಆಯಿತು. ಈ ತುಂಡಿಗೆ ತನ್ನದೇ ಆದ ಅರ್ಥವಿಲ್ಲ; ಇದ್ದ ಅರ್ಥವೆಲ್ಲ ಕಳೆದುಹೋದ ತಲೆಯೊಡನೆ ಹೋಯಿತು.

ಸಂಸ್ಕೃತ ಮೂಲದ ಹೆಸರುಗಳು ಹೇಗೆ ರಚನೆಯಾಗುತ್ತವೆ?

ಕೆಲವು ನೇರವಾದ ಪದಗಳು. ಸೀತಾ ಎಂದರೆ ನೇಗಿಲ ಗೆರೆ. ಕೃಷ್ಣ ಎಂದರೆ ಕಪ್ಪು, ಅರ್ಜುನ ಎಂದರೆ ಬಿಳಿ, ಹೊಳೆಯುವ. ಸಾರಥಿ ಮತ್ತು ರಥಿಕರ ಹೆಸರುಗಳಲ್ಲೇ ಈ ಬಣ್ಣಗಳ ಜೋಡಿ ಅಡಗಿದೆ. ಲಕ್ಷ್ಮಿ ಎಂಬ ಪದ ಋಗ್ವೇದದಲ್ಲಿ ಗುರುತು, ಚಿಹ್ನೆ ಎಂಬರ್ಥದಲ್ಲಿ ಬರುತ್ತದೆ, ಲಕ್ಷಣ ಎಂಬುದು ಅದರ ಬಂಧು. ಶುಭಲಕ್ಷಣವೆಂಬ ಅರ್ಥದಿಂದ ಸಂಪತ್ತಿನ ಅರ್ಥ ಮುಂದೆ ಬೆಳೆಯಿತು. ಅದಿತಿ ಎಂದರೆ ಕಟ್ಟಿಲ್ಲದವಳು, ಎಲ್ಲೆಯಿಲ್ಲದವಳು. ಅನನ್ಯಾ ಎಂದರೆ ಬೇರೊಂದಿಲ್ಲದವಳು.

ಇನ್ನು ಕೆಲವು ಸಮಾಸಗಳು. ಅವುಗಳಲ್ಲಿ ಬಹುವ್ರೀಹಿಗೆ ಮೊದಲ ಸ್ಥಾನ. ಹತ್ತು ರಥಗಳುಳ್ಳವನು ದಶರಥ, ಭಯಂಕರ ರಥವುಳ್ಳವನು ಭೀಮರಥ. ಮೂರನೆಯ ವರ್ಗವೇ ಹೆಚ್ಚು ಗಮನಕ್ಕೆ ಅರ್ಹವಾದದ್ದು: ಮೊದಲ ಸ್ವರಕ್ಕೆ ವೃದ್ಧಿ ಬಂದು (ಅಂದರೆ ‘ಅ’ ‘ಆ’ ಆಗಿ, ‘ಇ’ ‘ಐ’ ಆಗಿ) ‘ಅವನ ಸಂತತಿ’, ‘ಅಲ್ಲಿಗೆ ಸೇರಿದವಳು’ ಎಂಬರ್ಥ ಕೊಡುವ ತದ್ಧಿತಾಂತ ಹೆಸರುಗಳು. ರಘುವಿನ ವಂಶದವನು ರಾಘವ, ಪೃಥೆಯ ಮಗ ಪಾರ್ಥ, ವಸುದೇವನ ಮಗ ವಾಸುದೇವ, ಪರ್ವತನ ಮಗಳು ಪಾರ್ವತಿ, ಜನಕನ ಮಗಳು ಜಾನಕಿ, ವಿದೇಹದವಳು ವೈದೇಹಿ. ಇಂಥ ಹೆಸರಿಗೆ ಅರ್ಥ ಹೇಳುವಾಗ ಗುಣವನ್ನು ಹೇಳಿದರೆ ತಪ್ಪು, ಸಂಬಂಧವನ್ನು ಹೇಳಬೇಕು. ಗಾಂಧಾರಿ, ಕೈಕೇಯಿ, ಮಾದ್ರಿ, ಕೌಸಲ್ಯೆ ಇವರೆಲ್ಲರ ಹೆಸರು ತವರಿನ ನಾಡನ್ನಷ್ಟೇ ಹೇಳುತ್ತದೆ. ದ್ರೌಪದಿಗೆ ದ್ರುಪದನ ಮಗಳೆಂಬ ಈ ಗುರುತಿನ ಜೊತೆಗೆ ಕೃಷ್ಣಾ ಎಂಬ ತನ್ನದೇ ಹೆಸರೂ ಇದೆ. ಕೊನೆಯ ದೀರ್ಘವೊಂದೇ ಅದನ್ನು ಕೃಷ್ಣನ ಹೆಸರಿನಿಂದ ಬೇರ್ಪಡಿಸುತ್ತದೆ. ಪ್ರಾಚೀನ ರೋಮ್‌ನಲ್ಲೂ ಹೀಗೆಯೇ ಇತ್ತು. ಜೂಲಿಯಸ್ ಕುಲದ ಹೆಣ್ಣುಮಗಳು ಜೂಲಿಯಾ, ಕಾರ್ನೀಲಿಯಸ್ ಕುಲದವಳು ಕಾರ್ನೀಲಿಯಾ. ಅಕ್ಕತಂಗಿಯರಿದ್ದರೆ ಹಿರಿಯಳು, ಕಿರಿಯಳು, ಮೂರನೆಯವಳು ಎಂದು ಸೇರಿಸುತ್ತಿದ್ದರು.

ಸಂಸ್ಕೃತದ ಹೆಸರುಗಳು ಭಾರತದ ಗಡಿಯೊಳಗೇ ಉಳಿದವುಗಳೂ ಅಲ್ಲ. ಇಂಡೊನೇಷ್ಯಾದ ಮೊದಲ ಅಧ್ಯಕ್ಷ ಸುಕರ್ನೊ ಅವರ ಹೆಸರಿನಲ್ಲಿರುವುದು ಮಹಾಭಾರತದ ಕರ್ಣ. ಅವರ ಮಗಳು ಮೇಘಾವತಿ ಸುಕರ್ನೊಪುತ್ರಿ. ಥಾಯ್ ದೊರೆ ಭೂಮಿಬೋಲ್ ಅವರ ಹೆಸರನ್ನು ಬಿಡಿಸಿದರೆ ಭೂಮಿ ಮತ್ತು ಬಲ ಸಿಗುತ್ತವೆ.

ಗ್ರೀಕ್, ಪರ್ಶಿಯನ್, ರಷ್ಯನ್ ಹೆಸರುಗಳಿಗೆ ಸಂಸ್ಕೃತದೊಡನೆ ನಂಟಿದೆಯೇ?

ಇದೆ, ಆದರೆ ತಾಯಿ–ಮಕ್ಕಳ ನಂಟಲ್ಲ, ಒಡಹುಟ್ಟಿದವರ ನಂಟು. ಈ ಭಾಷೆಗಳೆಲ್ಲ ಇಂಡೋ–ಯುರೋಪಿಯನ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ‘ದೇವರು ಕೊಟ್ಟದ್ದು’ ಎಂಬ ಹೆಸರನ್ನೇ ನೋಡಿ: ಸಂಸ್ಕೃತದಲ್ಲಿ ದೇವದತ್ತ, ಪರ್ಶಿಯನ್‌ನಲ್ಲಿ ಖುದಾದಾದ್, ಸ್ಲಾವ್ ಭಾಷೆಗಳಲ್ಲಿ ಬೊಗ್ದಾನ್, ಗ್ರೀಕ್‌ನಲ್ಲಿ ಥಿಯೊಡೋರ್. ದತ್ತ, ದಾದ್, ದಾನ್, ಡೋರ್ ಈ ನಾಲ್ಕೂ ‘ಕೊಡು’ ಎಂಬರ್ಥದ ಒಂದೇ ಪ್ರಾಚೀನ ಧಾತುವಿನಿಂದ ಬಂದವು. ಥಿಯೊಡೋರ್ ಹೆಸರಿನ ಎರಡು ಭಾಗಗಳನ್ನು ಹಿಂದುಮುಂದು ಮಾಡಿದರೆ ಡೊರೋಥಿಯಾ, ಇಂಗ್ಲಿಷ್‌ನ ಡೊರೋಥಿ. ದೇವರನ್ನು ಸೂಚಿಸುವ ಪದ ಮಾತ್ರ ನಾಲ್ಕೂ ಕಡೆ ಬೇರೆ ಬೇರೆ. ಕೇಳಲು ಹತ್ತಿರವೆನಿಸಿದರೂ ಗ್ರೀಕ್‌ನ ‘ಥಿಯೋಸ್’ ನಮ್ಮ ‘ದೇವ’ನಿಗೆ ಬಂಧುವಲ್ಲವೆಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ.

ಕೀರ್ತಿಯನ್ನು ಸೂಚಿಸುವ ಹೆಸರುಗಳಲ್ಲೂ ಇಂಥ ಸರಣಿಯೇ ಇದೆ. ಸಂಸ್ಕೃತದ ಶ್ರವಸ್, ಗ್ರೀಕ್‌ನ ಕ್ಲೆಯೋಸ್, ಸ್ಲಾವ್‌ನ ಸ್ಲಾವ ಇವುಗಳ ಮೂಲ ಒಂದೇ. ‘ಕೇಳು’ ಎಂಬುದೇ ಅದರ ತಿರುಳು. ನಾಲ್ಕು ಜನರ ಕಿವಿಗೆ ಬಿದ್ದದ್ದೇ ಕೀರ್ತಿಯಲ್ಲವೇ? ಪೆರಿಕ್ಲೀಸ್ ಹೆಸರಿನ ಕೊನೆಯಲ್ಲಿ, ‘ತಂದೆಯ ಕೀರ್ತಿ’ ಎಂಬರ್ಥದ ಕ್ಲಿಯೋಪಾತ್ರಳ ಹೆಸರಿನ ಮೊದಲಲ್ಲಿ, ಮಿರೊಸ್ಲಾವ್‌ನ ಬಾಲದಲ್ಲಿ ಇರುವುದು ಇದೇ. ವೇದದ ಸುಶ್ರವಸ್ ಮತ್ತು ಇರಾನಿನ ಖುಸ್ರೊ ಅಕ್ಷರಶಃ ಒಂದೇ ಹೆಸರು. ಪರ್ಶಿಯಾದ ದೊರೆ ಡೇರಿಯಸ್‌ನ ಹೆಸರು ಹಳೆಯ ಪರ್ಶಿಯನ್‌ನಲ್ಲಿ ದಾರಯವಹು. ‘ಸ’ಕಾರ ಅಲ್ಲಿ ‘ಹ’ಕಾರವಾಗುತ್ತದೆಂಬುದನ್ನು ನೆನಪಿಟ್ಟರೆ ಧಾರಯ ಮತ್ತು ವಸು ಕಾಣುತ್ತವೆ, ಅಂದರೆ ಒಳಿತನ್ನು ಧರಿಸಿ ಹಿಡಿದವನು. ಪಾರಸಿ ಧರ್ಮದ ಪ್ರವರ್ತಕ ಜರತುಷ್ಟ್ರನ ಹೆಸರಿನ ಕೊನೆಯಲ್ಲಿರುವ ಉಷ್ಟ್ರ ನಮ್ಮ ಉಷ್ಟ್ರವೇ, ಒಂಟೆ. ಗ್ರೀಕರ ಫಿಲಿಪ್ ಕುದುರೆಯನ್ನು ಪ್ರೀತಿಸುವವನು.

ಎರವಲಾಗಿ ಹೋದವು ಬೇರೆ ವರ್ಗ. ನೀಲೋತ್ಪಲ ಎಂಬ ಸಂಸ್ಕೃತ ಪದ ಪರ್ಶಿಯನ್‌ಗೆ ಹೋಗಿ ನೀಲೂಫರ್ ಆಗಿ, ನೀಲೋಫರ್ ಎಂಬ ಹೆಣ್ಣಿನ ಹೆಸರಾಗಿ ಮರಳಿ ಬಂತು.

ಅರಬಿ ಮತ್ತು ಹೀಬ್ರೂ ಹೆಸರುಗಳ ಅರ್ಥವನ್ನು ತಿಳಿಯುವುದು ಹೇಗೆ?

ಈ ಭಾಷೆಗಳಲ್ಲಿ ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವೊಂದಿರುತ್ತದೆ. ಸ್ವರಗಳನ್ನೂ ಪ್ರತ್ಯಯಗಳನ್ನೂ ಬದಲಿಸಿ ಪದಗಳನ್ನು ರಚಿಸುತ್ತಾರೆ. ಹ–ಮ–ದ ಎಂಬುದು ಹೊಗಳಿಕೆಯ ಧಾತು: ಮುಹಮ್ಮದ್, ಅಹ್ಮದ್, ಮಹಮೂದ್, ಹಮೀದ್, ಹಮೀದಾ. ಕ–ರ–ಮ ಔದಾರ್ಯದ ಧಾತು: ಕರೀಮ್, ಅಕ್ರಮ್. ನೆಮ್ಮದಿ, ಕ್ಷೇಮ ಎಂಬರ್ಥದ ಸ–ಲ–ಮ ಎರಡೂ ಭಾಷೆಗಳಲ್ಲಿದೆ; ಅರಬಿಯ ಸಲೀಮ್, ಸಲ್ಮಾ, ಹೀಬ್ರೂವಿನ ಸೊಲೊಮನ್ ಇವೆಲ್ಲ ಅದರ ಕವಲುಗಳು.

ಹೀಬ್ರೂ ಹೆಸರುಗಳಲ್ಲಿ ಹಲವು ಇಡೀ ವಾಕ್ಯಗಳು. ಡೇನಿಯಲ್ ‘ದೇವರು ನನ್ನ ನ್ಯಾಯಾಧೀಶ’. ಮೈಕೆಲ್ ಒಂದು ಪ್ರಶ್ನೆ, ‘ದೇವರಂತೆ ಇರುವವರು ಯಾರು?’, ಐಸಾಕ್ ಬರಿಯ ಕ್ರಿಯಾಪದ, ‘ನಗುತ್ತಾನೆ’.

ಅಬ್ದುಲ್ ಎಂಬುದರ ಬಗ್ಗೆ ಒಂದು ಮಾತು. ‘ಅಬ್ದ್’ ಎಂದರೆ ಸೇವಕ, ‘ಅಲ್’ ಮುಂದಿನ ಪದಕ್ಕೆ ಸೇರಿದ ಉಪಪದ. ಆದ್ದರಿಂದ ಅಬ್ದುಲ್ ಎಂದಷ್ಟೇ ಕರೆದರೆ ವಾಕ್ಯ ಅರ್ಧಕ್ಕೆ ನಿಂತಂತೆ. ಅಬ್ದುಲ್ ಕರೀಮ್ ಎಂದರೆ ‘ಉದಾರಿಯಾದ ದೇವರ ಸೇವಕ’. ಅಬ್ದುರ್ ರಹಮಾನ್‌ನಲ್ಲಿ ‘ಲ’ಕಾರವು ಮುಂದಿನ ‘ರ’ಕಾರದಲ್ಲಿ ಲೀನವಾಗಿದೆ, ನಮ್ಮ ಸಂಧಿಯ ಹಾಗೆ. ಅರ್ಜಿ ನಮೂನೆಗಳು ಇಂಥ ಒಂದೇ ಹೆಸರನ್ನು ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡಾಗಿ ಸೀಳುವುದು ವ್ಯಾಕರಣದ ದೃಷ್ಟಿಯಿಂದ ಅಪಚಾರವೇ ಸರಿ.

ರಾಬರ್ಟ್, ರಿಚರ್ಡ್, ಹೆನ್ರಿ ಮುಂತಾದ ಹೆಸರುಗಳಿಗೆ ಕೂಡಿದ ಅರ್ಥವೊಂದಿದೆಯೇ?

ಇವು ಜರ್ಮನಿಕ್ ಹೆಸರುಗಳು, ಎರಡೆರಡು ಪದಗಳನ್ನು ಜೋಡಿಸಿ ಮಾಡಿದವು. ರಾಬರ್ಟ್‌ನಲ್ಲಿ ಕೀರ್ತಿ ಮತ್ತು ಹೊಳಪು, ಹೆನ್ರಿಯಲ್ಲಿ ಮನೆ ಮತ್ತು ಒಡೆಯ, ರಿಚರ್ಡ್‌ನಲ್ಲಿ ಒಡೆತನ ಮತ್ತು ಗಟ್ಟಿತನ ಇವೆ. ಆದರೆ ನೋಡಲು ಸಮಾಸದಂತಿದ್ದರೂ ಇವಕ್ಕೆ ವಿಗ್ರಹವಾಕ್ಯ ಹೇಳಹೊರಟರೆ ಸೋಲಬೇಕಾಗುತ್ತದೆ, ಏಕೆಂದರೆ ತಂದೆಯ ಹೆಸರಿನ ಒಂದು ತುಂಡನ್ನೂ ತಾಯಿಯ ಹೆಸರಿನ ಒಂದು ತುಂಡನ್ನೂ ಸೇರಿಸಿ ಮಗುವಿಗಿಡುವುದು ಉಂಟಾಗಿತ್ತು. 1095ರಲ್ಲಿ ತೀರಿಕೊಂಡ ವುಸ್ಟರ್‌ನ ಬಿಷಪ್ ವುಲ್ಫ್‌ಸ್ಟಾನ್ ಅವರ ತಾಯಿ ವುಲ್ಫ್‌ಗಿವು, ತಂದೆ ಅಥೆಲ್‌ಸ್ಟಾನ್. ತಾಯಿಯಿಂದ ಬಂದ ‘ತೋಳ’, ತಂದೆಯಿಂದ ಬಂದ ‘ಕಲ್ಲು’ ಸೇರಿದ ಮಾತ್ರಕ್ಕೆ ‘ತೋಳಗಲ್ಲು’ ಎಂಬುದೊಂದು ವಸ್ತು ಇದ್ದಿತೆಂದೇನಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಥ ಹಳೆಯ ಇಂಗ್ಲಿಷ್ ಹೆಸರುಗಳು ಬಹುಬೇಗ ಮರೆಯಾಗಿ ವಿಲಿಯಂ, ರಾಬರ್ಟ್, ರಿಚರ್ಡ್‌ಗಳು ಮೇಲೆ ಬಂದವು.

ಚಾರ್ಲ್ಸ್ ಹೆಸರಿನದು ಹಿಮ್ಮುಖ ಪಯಣ. ‘ಕಾರ್ಲ್’ ಎಂದರೆ ಸ್ವತಂತ್ರ ಮನುಷ್ಯ, ಸಾಮಾನ್ಯ ಗಂಡಸು. ಕಾರ್ಲ್ ಎಂಬುದೇ ಹೆಸರಾಗಿದ್ದ ಶಾರ್ಲ್‌ಮೇನ್ ಚಕ್ರವರ್ತಿಯ ಪ್ರಭಾವದಿಂದ ಆ ಹೆಸರೇ ಸ್ಲಾವ್ ಭಾಷೆಗಳಲ್ಲಿ ರಾಜ ಎಂಬ ಸಾಮಾನ್ಯ ಪದವಾಯಿತು. ರಷ್ಯನ್ನಿನ ‘ಕರೋಲ್’, ಝೆಕ್ ಭಾಷೆಯ ‘ಕ್ರಾಲ್’ ಅಲ್ಲಿಂದ ಬಂದವು. ಸೀಸರ್‌ನ ಹೆಸರು ಕೈಸರ್ ಮತ್ತು ತ್ಸಾರ್ ಆದದ್ದೂ ಇದೇ ರೀತಿ. ಅಂಕಿತನಾಮ ರೂಢನಾಮವಾಗುವ ಅಪರೂಪದ ಸಂದರ್ಭಗಳಿವು.

ಎಲ್ಲ ಹೆಸರುಗಳಿಗೂ ಒಳ್ಳೆಯ ಅರ್ಥವೇ ಇರುತ್ತದೆಯೇ?

ಇಲ್ಲ. ಲ್ಯಾಟಿನ್ನಿನ ಪಾಲ್ ಎಂದರೆ ಚಿಕ್ಕವನು, ಕ್ಲಾಡಿಯಸ್‌ನಲ್ಲಿ ಕುಂಟು, ಸಿಸಿಲಿಯಾದಲ್ಲಿ ಕುರುಡು ಎಂಬರ್ಥದ ಪದಗಳಿವೆ. ಬಾರ್ಬರಾ ಎಂಬುದು ಗ್ರೀಕರಿಗೆ ಅರ್ಥವಾಗದ ಭಾಷೆಯಲ್ಲಿ ‘ಬರ್ ಬರ್’ ಎನ್ನುವ ಪರಕೀಯಳನ್ನು ಸೂಚಿಸುತ್ತಿತ್ತು. ಸಂಸ್ಕೃತದಲ್ಲೂ ಕನ್ನಡದಲ್ಲೂ ಇರುವ ‘ಬರ್ಬರ’ ಎಂಬ ಬೈಗುಳವನ್ನು ಬಲ್ಲವರಿಗೆ ಆ ಹೆಸರು ಮೊದಲ ಬಾರಿ ಕೇಳಿದಾಗ ಕಸಿವಿಸಿಯಾದೀತು. ಐತರೇಯ ಬ್ರಾಹ್ಮಣದ ಶುನಃಶೇಪನ ಹೆಸರಿನ ಅರ್ಥ ‘ನಾಯಿಯ ಬಾಲ’. ಟರ್ಕಿಯಲ್ಲಿ ದುರ್ಸುನ್ ಎಂಬ ಹೆಸರಿದೆ, ‘ಇದಾದರೂ ಉಳಿಯಲಿ’ ಎಂಬ ಹಾರೈಕೆ ಅದರಲ್ಲಿದೆ. ಯೆತೆರ್ ಎಂದು ಹೆಣ್ಣುಮಗುವಿಗೆ ಹೆಸರಿಟ್ಟರೆ ಅದರ ಅರ್ಥ ‘ಇನ್ನು ಸಾಕು’. ಈ ಹೆಸರುಗಳನ್ನು ಹೊತ್ತವರ ಬಗ್ಗೆ ಇವು ಏನನ್ನೂ ಹೇಳುವುದಿಲ್ಲ, ಇಟ್ಟವರ ಮನೆಯ ಸ್ಥಿತಿಯನ್ನು ಹೇಳುತ್ತವೆ.

ಒಂದು ವಿಚಿತ್ರವನ್ನೂ ಗಮನಿಸಬಹುದು. ದುರ್ಯೋಧನ ಎಂಬುದರ ನಿಘಂಟಿನ ಅರ್ಥ ‘ಯುದ್ಧದಲ್ಲಿ ಎದುರಿಸಲು ಕಷ್ಟವಾದವನು’, ವೀರನೊಬ್ಬನಿಗೆ ಒಪ್ಪುವಂಥದ್ದು. ಭೀಮ ಎಂದರೆ ಹೆದರಿಕೆ ಹುಟ್ಟಿಸುವವನು. ಆದರೂ ಜನ ಯಾವುದನ್ನು ಇಟ್ಟರು, ಯಾವುದನ್ನು ಬಿಟ್ಟರು ಎಂಬುದನ್ನು ನಿರ್ಧರಿಸಿದ್ದು ನಿಘಂಟಲ್ಲ, ಕಥೆ.

ಹುಟ್ಟಿದ ದಿನ ಅಥವಾ ಕ್ರಮದಿಂದ ಹೆಸರು ಬರುವುದುಂಟೇ?

ಉಂಟು. ಘಾನಾದ ಅಕಾನ್ ಜನರಲ್ಲಿ ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ, ಶನಿವಾರ ಹುಟ್ಟಿದವನು ಕ್ವಾಮೆ, ಭಾನುವಾರದವನು ಕ್ವಾಸಿ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್, ಘಾನಾದ ಸ್ವಾತಂತ್ರ್ಯದ ನಾಯಕ ಕ್ವಾಮೆ ಎನ್‌ಕ್ರುಮಾ ಇವರ ಹೆಸರು ಕೇಳಿದರೆ ಹುಟ್ಟಿದ ವಾರ ತಿಳಿದಂತೆಯೇ. ನೈಜೀರಿಯಾದ ಯೊರುಬಾ ಜನರಲ್ಲಿ ಅವಳಿಗಳ ಪೈಕಿ ಮೊದಲು ಹುಟ್ಟಿದ್ದು ತೈವೊ, ಅನಂತರದ್ದು ಕೆಹಿಂದೆ. ಲೋಕವನ್ನು ನೋಡಿಬರಲು ತೈವೊವನ್ನು ಮುಂದೆ ಕಳಿಸಿದವರು ಕೆಹಿಂದೆ ಎಂಬ ಭಾವನೆಯಿಂದ, ಎರಡನೆಯದಾಗಿ ಹುಟ್ಟಿದವರನ್ನೇ ಹಿರಿಯರೆಂದು ಎಣಿಸುತ್ತಾರೆ. ತಾಮಸ್ ಎಂಬುದೂ ಅರಮೇಯಿಕ್ ಭಾಷೆಯಲ್ಲಿ ‘ಅವಳಿ’ ಎಂದೇ. ರೋಮನ್ನರ ಕ್ವಿಂಟಸ್ ಐದನೆಯವನು, ಆಕ್ಟೇವಿಯಾ ಎಂಟನ್ನು ಸೂಚಿಸುವ ಕುಲನಾಮದವಳು. ಜಪಾನಿನ ಇಚಿರೊ ಮೊದಲ ಮಗ, ಜಿರೊ ಎರಡನೆಯವನು.

ಜಪಾನಿ ಹೆಸರುಗಳಲ್ಲಿ ಉಚ್ಚಾರವನ್ನು ಕೇಳಿ ಅರ್ಥ ಹೇಳಲು ಬರುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಯುಕಿ ಎಂಬುದನ್ನು ಒಂದು ಲಿಪಿಚಿಹ್ನೆಯಲ್ಲಿ ಬರೆದರೆ ಹಿಮ, ಇನ್ನೊಂದರಲ್ಲಿ ಬರೆದರೆ ಸುಖ. ಬರೆದದ್ದನ್ನು ಕಂಡ ಮೇಲೆಯೇ ಅರ್ಥ.

ಕೊನೆಯಲ್ಲಿ ‘ಆ’ ಇದ್ದರೆ ಅದು ಹೆಣ್ಣಿನ ಹೆಸರೇ?

ಸಂಸ್ಕೃತ, ಲ್ಯಾಟಿನ್ ಎರಡರಲ್ಲೂ ಬಹುಮಟ್ಟಿಗೆ ಹೌದು. ಅದರಾಚೆಗೆ ಈ ಸೂತ್ರ ನಿಲ್ಲುವುದಿಲ್ಲ. ರಷ್ಯನ್ನಿನ ನಿಕಿತಾ, ಇಲ್ಯಾ ಗಂಡಸರು. ಆಂಡ್ರಿಯಾ ಇಟಲಿಯಲ್ಲಿ ಗಂಡು, ಜರ್ಮನಿಯಲ್ಲಿ ಹೆಣ್ಣು. ವಿಪರ್ಯಾಸವೆಂದರೆ ಅದರ ಮೂಲಾರ್ಥ ‘ಗಂಡಸುತನದ’ ಎಂದು, ಮತ್ತು ಅದರಲ್ಲಿರುವ ಗ್ರೀಕ್ ಪದ ಸಂಸ್ಕೃತದ ‘ನರ’ನಿಗೆ ಬಂಧು.

ಕವಿಗಳು ಸೃಷ್ಟಿಸಿದ ಹೆಸರುಗಳಿವೆಯೇ?

ಇವೆ. ವನೆಸಾ ಎಂಬ ಹೆಸರನ್ನು ಜೊನಾಥನ್ ಸ್ವಿಫ್ಟ್ ತನ್ನ ಗೆಳತಿಯ ಕುಲನಾಮದ ಮೊದಲ ಅಕ್ಷರಗಳನ್ನೂ ಮೊದಲ ಹೆಸರಿನ ಮುದ್ದಿನ ರೂಪವನ್ನೂ ಜೋಡಿಸಿ ಕಟ್ಟಿದ; ಆ ಕವಿತೆ 1726ರಲ್ಲಿ ಅಚ್ಚಾಯಿತು. ಅದಕ್ಕೂ ‘ಚಿಟ್ಟೆ’ ಎಂದು ಅರ್ಥ ಕೊಡುವ ಪಟ್ಟಿಗಳಿವೆ. ಚಿಟ್ಟೆಗಳ ಒಂದು ಕುಲಕ್ಕೆ ಆ ಹೆಸರು ಬಂದದ್ದು ಎಷ್ಟೋ ವರ್ಷಗಳ ಅನಂತರ. ಮಿರಾಂಡಾ ಎಂಬುದನ್ನು ಹೆಸರಾಗಿ ಬಳಕೆಗೆ ತಂದವನು ಷೇಕ್ಸ್‌ಪಿಯರ್. ಲ್ಯಾಟಿನ್ನಿನಲ್ಲಿ ಅದು ‘ಮೆಚ್ಚತಕ್ಕವಳು’.

ಈಗ ಅತ್ಯಂತ ಜನಪ್ರಿಯವಾದ ಹೆಸರುಗಳು ಯಾವುವು?

ಇಡೀ ಜಗತ್ತಿಗೆ ಒಂದೇ ಪಟ್ಟಿ ಇಲ್ಲ. ಆಯಾ ದೇಶದ ನೋಂದಣಿಯನ್ನು ನೋಡಬೇಕು. ಅಮೆರಿಕದ ಸಾಮಾಜಿಕ ಭದ್ರತಾ ಆಡಳಿತವು 1880ರಿಂದ ಹುಟ್ಟಿದವರ ಹೆಸರುಗಳ ಲೆಕ್ಕವನ್ನು ಪ್ರಕಟಿಸುತ್ತದೆ. ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಬಾರಿ ಬಂದ ಹೆಸರುಗಳನ್ನು ಗೋಪ್ಯತೆಗಾಗಿ ಕೈಬಿಡುತ್ತದೆ. ಅಲ್ಲಿ 1880ರಿಂದ 1946ರವರೆಗೆ ಪ್ರತಿ ವರ್ಷವೂ ಹೆಣ್ಣುಮಕ್ಕಳ ಮೊದಲ ಹೆಸರು ಮೇರಿ; 1970ರಿಂದ 1984ರವರೆಗೆ ಜೆನ್ನಿಫರ್. 2017ರಿಂದ ಗಂಡುಮಕ್ಕಳಲ್ಲಿ ಲಿಯಂ, 2019ರಿಂದ ಹೆಣ್ಣುಮಕ್ಕಳಲ್ಲಿ ಒಲಿವಿಯಾ ಮುಂದೆ ಬಂದವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರ ಪಟ್ಟಿಯಲ್ಲಿ ಮುಹಮ್ಮದ್ ಮೊದಲ ಸ್ಥಾನ ಪಡೆಯಿತು. ಅಲ್ಲಿ ಒಂದೊಂದು ಕಾಗುಣಿತವನ್ನೂ ಬೇರೆ ಹೆಸರೆಂದೇ ಎಣಿಸುತ್ತಾರೆ. ಆದ್ದರಿಂದ ಹಲವು ಬಗೆಯಲ್ಲಿ ಬರೆಯುವ ಹೆಸರುಗಳು ಪಟ್ಟಿಯಲ್ಲಿ ಇರಬೇಕಾದುದಕ್ಕಿಂತ ಕೆಳಗೆ ಕಾಣಿಸುತ್ತವೆ.

ಯಾವ ಹೆಸರನ್ನಾದರೂ ಇಡಬಹುದೇ?

ಅದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಫ್ರಾನ್ಸಿನಲ್ಲಿ 1803ರ ಕಾನೂನು ಪಂಚಾಂಗಗಳಲ್ಲಿರುವ ಮತ್ತು ಪ್ರಾಚೀನ ಇತಿಹಾಸದ ವ್ಯಕ್ತಿಗಳ ಹೆಸರುಗಳನ್ನಷ್ಟೇ ಒಪ್ಪುತ್ತಿತ್ತು. ಬಹುಮಟ್ಟಿನ ಸ್ವಾತಂತ್ರ್ಯ ಸಿಕ್ಕಿದ್ದು 1993ರಲ್ಲಿ. ಐಸ್‌ಲ್ಯಾಂಡ್‌ನಲ್ಲಿ 1991ರಿಂದ ಹೆಸರುಗಳ ಸಮಿತಿಯೇ ಇದೆ. ಹೊಸ ಹೆಸರಿಗೆ ಅಲ್ಲಿಯ ಭಾಷೆಯ ಷಷ್ಠೀ ವಿಭಕ್ತಿ ಪ್ರತ್ಯಯ ಹತ್ತುವಂತಿರಬೇಕೆಂಬುದು ಸಮಿತಿ ನೋಡುವ ಅಂಶಗಳಲ್ಲೊಂದು. ತಂದೆಯ ಅಥವಾ ತಾಯಿಯ ಹೆಸರಿನ ಷಷ್ಠೀ ರೂಪಕ್ಕೆ ‘ಮಗ’, ‘ಮಗಳು’ ಸೇರಿಸಿಯೇ ಅಲ್ಲಿ ಎರಡನೆಯ ಹೆಸರನ್ನು ಮಾಡುವುದರಿಂದ ಈ ನಿಯಮ ಹೊರಗಿನವರಿಗೆ ತೋರುವಷ್ಟು ವಿಚಿತ್ರವೇನಲ್ಲ.

ನನ್ನ ಹೆಸರಿನ ಮೂಲವನ್ನು ನಾನೇ ಹುಡುಕಬೇಕೆಂದರೆ ಏನು ಮಾಡಬೇಕು?

ಮೊದಲು ಭಾಷೆಯನ್ನು ಗೊತ್ತುಮಾಡಿಕೊಳ್ಳಿ: ಮನೆತನದಲ್ಲಿ ಆ ಹೆಸರು ಎಲ್ಲಿಂದ ಬಂತು, ಯಾವ ರೂಪದಲ್ಲಿ ಬರೆಯುತ್ತಿದ್ದರು ಎಂಬುದರಿಂದ ಆರಂಭಿಸಿ. ಅನಂತರ ಹೆಸರುಗಳ ಪಟ್ಟಿಯನ್ನಲ್ಲ, ಆ ಭಾಷೆಯ ನಿಘಂಟನ್ನು ತೆರೆಯಿರಿ. ಸಂಸ್ಕೃತದ ಹೆಸರಾದರೆ ಹ್ರಸ್ವ–ದೀರ್ಘಗಳನ್ನೂ, ಶ–ಷ–ಸಗಳನ್ನೂ ಸರಿಯಾಗಿ ಗುರುತಿಸಿಕೊಳ್ಳುವುದು ಅಗತ್ಯ, ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡ ಹೆಸರಿನಿಂದ ಈ ಭೇದಗಳು ತಿಳಿಯುವುದಿಲ್ಲ. ಪದ ಸಿಕ್ಕರೆ ಅದು ಹೆಸರಾಗಿ ಯಾವಾಗಿನಿಂದ ಬಳಕೆಯಲ್ಲಿದೆ ಎಂದು ನೋಡಿ.

ಗ್ರಂಥವೇ ಹೇಳುವ ಅರ್ಥವನ್ನೂ ಒರೆಗೆ ಹಚ್ಚಬೇಕಾಗುತ್ತದೆ. ಮೋಶೆಯನ್ನು ನೀರಿನಿಂದ ಎಳೆದು ತೆಗೆದದ್ದರಿಂದ ಆ ಹೆಸರು ಬಂತೆಂದು ಬೈಬಲ್ ಹೀಬ್ರೂ ಧಾತುವೊಂದರಿಂದ ವಿವರಿಸುತ್ತದೆ. ಆದರೆ ಹೆಸರಿಟ್ಟವಳು ಈಜಿಪ್ಟಿನ ರಾಜಕುಮಾರಿ. ಆ ಭಾಷೆಯಲ್ಲಿ ‘ಹುಟ್ಟಿದವನು’ ಎಂಬರ್ಥದ ಪದವು ಥಟ್‌ಮೋಸ್, ರಾಮ್ಸೆಸ್ ಮುಂತಾದ ಫೇರೋಗಳ ಹೆಸರುಗಳಲ್ಲಿದೆ, ಮತ್ತು ಹೆಚ್ಚಿನ ವಿದ್ವಾಂಸರು ಮೋಶೆಯ ಹೆಸರಿನ ಮೂಲವನ್ನು ಅಲ್ಲಿಯೇ ಕಾಣುತ್ತಾರೆ. ವೇದದ ಪದಗಳ ಮೂಲವನ್ನು ವಿವರಿಸುವ ಯಾಸ್ಕನ ನಿರುಕ್ತವೂ ಒಂದೇ ಪದಕ್ಕೆ ಎರಡು ಮೂರು ನಿರ್ವಚನಗಳನ್ನು ಮುಂದಿಡಲು ಹಿಂಜರಿಯುವುದಿಲ್ಲ. ಇಂಥ ವಿವರಣೆಗಳು ಪದದ ಚರಿತ್ರೆಯನ್ನು ಹೇಳುವುದಕ್ಕಿಂತ ಹೆಚ್ಚಾಗಿ, ಆ ಕಾಲದವರು ಹೆಸರಿನಲ್ಲಿ ಏನನ್ನು ಕೇಳುತ್ತಿದ್ದರು ಎಂಬುದನ್ನು ಹೇಳುತ್ತವೆ.

ಕೆಲವೊಮ್ಮೆ ಹುಡುಕಾಟ ತೀರ್ಮಾನಕ್ಕೆ ಬರುವುದೇ ಇಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಹಬ್ಬಿದ ಹೆಣ್ಣಿನ ಹೆಸರುಗಳಲ್ಲೊಂದಾದ ಮರಿಯಾ, ಅಂದರೆ ಮಿರಿಯಂ, ಮರ್ಯಮ್, ಮೇರಿ, ಅದರ ಮೂಲಾರ್ಥದ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಕಹಿ, ಬಂಡಾಯ, ಈಜಿಪ್ಟಿನ ‘ಪ್ರಿಯೆ’ ಎಂಬ ಪದ, ಹೀಗೆ ಹಲವು ಊಹೆಗಳಿವೆ. ಲ್ಯಾಟಿನ್ನಿನಲ್ಲಿ ಅದನ್ನು ‘ಸ್ಟಿಲ್ಲಾ ಮಾರಿಸ್’, ಅಂದರೆ ಕಡಲಿನ ಹನಿ, ಎಂದು ವಿವರಿಸಲಾಗಿತ್ತು. ಹಸ್ತಪ್ರತಿಗಳನ್ನು ನಕಲು ಮಾಡುವಾಗ ಅದು ‘ಸ್ಟೆಲ್ಲಾ ಮಾರಿಸ್’ ಆಗಿ ಕಡಲಿನ ನಕ್ಷತ್ರವಾಯಿತೆಂದು ವಿದ್ವಾಂಸರು ಭಾವಿಸುತ್ತಾರೆ. ಒಂದು ಅಕ್ಷರ ತಪ್ಪಿ ಬಂದ ಆ ನಕ್ಷತ್ರದ ಮೇಲೆ ಸ್ತೋತ್ರಗಳು ಹುಟ್ಟಿಕೊಂಡವು, ನಾವಿಕರು ಅದನ್ನು ನೆನೆದು ಹಾಯಿ ಬಿಚ್ಚಿದರು.